ಅಟ್ಟದ ಕೊಬ್ಬರಿ ಮತ್ತು ಮನೆಯ ಹಣಕಾಸು

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಸಣ್ಣ ತೆಂಗು ಬೆಳೆಗಾರನ ಉಳಿತಾಯವಿರುವುದು ಬ್ಯಾಂಕಿನಲ್ಲಿ ಅಲ್ಲ, ಅಟ್ಟದ ಮೇಲೆ. ಮರದಿಂದ ಕೆಡವಿದ ಬಲಿತ ಕಾಯಿಗಳು ಮಟ್ಟೆ ಸಮೇತ ಅಟ್ಟ ಸೇರುತ್ತವೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಹೂವು ಬಿರಿದ ದಿನದಿಂದ ಕಾಯಿ ಬಲಿಯಲು ಸುಮಾರು ಹನ್ನೆರಡು ತಿಂಗಳು ಬೇಕು. ಎರಡನ್ನೂ ಕೂಡಿದರೆ, ಇಂದು ಗೊನೆಯಲ್ಲಿ ಕಾಣುವ ಹರಳು ದುಡ್ಡಾಗಿ ಕೈಗೆ ಬರುವುದು ಹೆಚ್ಚುಕಡಿಮೆ ಎರಡು ವರ್ಷಗಳ ನಂತರ. ರಾಗಿ ಬಿತ್ತಿದವನಿಗೆ ನಾಲ್ಕು ತಿಂಗಳಿಗೆ ಫಲ ದೊರೆತರೆ, ಕೊಬ್ಬರಿಯವನು ಇಷ್ಟು ದೀರ್ಘ ಕಾಲ ಕಾಯಬೇಕಾಗುತ್ತದೆ.

ಆದರೆ ಮನೆಯ ಖರ್ಚು ಕಾಯುವುದಿಲ್ಲ. ಜೂನ್ ತಿಂಗಳು ಬಂದರೆ ಶಾಲೆಯ ಶುಲ್ಕ, ಬಿತ್ತನೆ ಬೀಜ, ಗೊಬ್ಬರ ಮೂರೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಬಾಗಿನ ಕೊಡಬೇಕು. ನೆಂಟರ ಮದುವೆಗಳಿಗೆ ಮುಯ್ಯಿ ಮಾಡಬೇಕು. ಆಸ್ಪತ್ರೆಯ ಖರ್ಚಿಗೆ ತಿಂಗಳು ತಿಥಿ ಇಲ್ಲ. ಹೀಗೆ ಎರಡು ವರ್ಷಕ್ಕೆ ಬರುವ ಆದಾಯಕ್ಕೂ ದಿನ ದಿನ ಬರುವ ವೆಚ್ಚಕ್ಕೂ ನಡುವೆ ಇರುವ ಅಂತರವನ್ನು ತುಂಬುವುದೇ ಈ ಸೀಮೆಯ ಗೃಹ ಹಣಕಾಸಿನ ಮುಖ್ಯ ಸಮಸ್ಯೆ. ಈ ಅಂತರವನ್ನು ಯಾರು ತುಂಬುತ್ತಾರೆ, ಯಾವ ಬಡ್ಡಿಗೆ ತುಂಬುತ್ತಾರೆ ಎಂಬುದರ ಮೇಲೆ ಅಟ್ಟದ ಕೊಬ್ಬರಿ ನಿಜವಾಗಿ ಯಾರದು ಎಂಬುದು ನಿರ್ಧಾರವಾಗುತ್ತದೆ.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲು ಎರಡು ಎಕರೆ ತೋಟವುಳ್ಳ ಒಂದು ಸಂಸಾರವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಈ ಜಾಗದಲ್ಲಿ ಬರೆದುಕೊಂಡು ನೋಡಬೇಕು.

ಎಕರೆಗೆ 40ರಂತೆ 80 ಮರಗಳು. ಮರವೊಂದಕ್ಕೆ ವರ್ಷಕ್ಕೆ 70 ಕಾಯಿ ಎಂದರೆ 5,600 ಕಾಯಿ. ಮನೆಯ ಅಡಿಗೆಗೆ, ಹಬ್ಬಹರಿದಿನಗಳಿಗೆ, ಕೂಲಿಯವರಿಗೆ ಕೊಟ್ಟದ್ದು ಎಂದು 600 ಕಾಯಿ ಕಳೆದರೆ 5,000 ಕಾಯಿ ಅಟ್ಟಕ್ಕೆ ಹೋಗುತ್ತದೆ. ಎಂಟು ಕಾಯಿಗೆ ಒಂದು ಕಿಲೋ ಕೊಬ್ಬರಿಯಂತೆ 625 ಕಿಲೋ. ಕೊಳೆತದ್ದು, ಒಡೆದದ್ದು 25 ಕಿಲೋ ಹೋದರೆ (ಅಟ್ಟದ ಇಲಿಗಳ ಪಾಲು ಇದರಲ್ಲಿ ಸೇರಿದೆ) ಮಾರುಕಟ್ಟೆಗೆ ಹೋಗುವುದು 6 ಕ್ವಿಂಟಲ್.

ಈ 6 ಕ್ವಿಂಟಲಿನ ಬೆಲೆ ಎಷ್ಟು? 2022ರ ಆರಂಭದಲ್ಲಿ ಕ್ವಿಂಟಲಿಗೆ 16,000 ರೂ.ಗೂ ಮೇಲಿದ್ದ ತಿಪಟೂರು ಮಾರುಕಟ್ಟೆಯ ಧಾರಣೆ 2023ರಲ್ಲಿ 8,000 ರೂ. ಆಸುಪಾಸಿಗೆ ಇಳಿಯಿತು. ಆ ಧಾರಣೆಯಲ್ಲಿ ಮೇಲಿನ ಸಂಸಾರಕ್ಕೆ ದೊರೆಯುವುದು 48,000 ರೂ. ಅದೇ 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ 11,750 ರೂ.; ಆ ಲೆಕ್ಕದಲ್ಲಿ 70,500 ರೂ. 2025ರ ಮಧ್ಯಭಾಗದಲ್ಲಿ ಧಾರಣೆ 25,000 ರೂ. ದಾಟಿತು, ಆಗ 1,50,000 ರೂ. ಅಟ್ಟ ಅದೇ, ಮರಗಳು ಅವೇ, ದುಡಿಮೆಯೂ ಅಷ್ಟೇ. ಎರಡು ವರ್ಷಗಳ ಅಂತರದಲ್ಲಿ ಹುಟ್ಟುವಳಿ ಮೂರು ಪಾಲಿಗೂ ಮೀರಿ ವ್ಯತ್ಯಾಸವಾಯಿತು.

ಉಳುಮೆ, ಗೊಬ್ಬರ, ಕಾಯಿ ಕೆಡವುವ ಕೂಲಿ, ಕೊಬ್ಬರಿ ಸುಲಿಯುವ ಕೂಲಿ ಎಲ್ಲ ಸೇರಿ ವರ್ಷಕ್ಕೆ 30,000 ರೂ. ತೋಟದ ಖರ್ಚು ಎಂದಿಟ್ಟುಕೊಂಡರೆ, ಮನೆಗೆ ಉಳಿಯುವುದು 2023ರ ಧಾರಣೆಯಲ್ಲಿ 18,000 ರೂ., ಬೆಂಬಲ ಬೆಲೆಯಲ್ಲಿ 40,500 ರೂ., 2025ರ ಧಾರಣೆಯಲ್ಲಿ 1,20,000 ರೂ.

ಈಗ ಮನೆಯ ಕಡೆಯ ಲೆಕ್ಕ. ರಾಗಿ, ಅವರೆ, ಹುರುಳಿ ಹೊಲದಿಂದ ಬರುತ್ತದೆಂದು ಬಿಟ್ಟರೂ ಸಾಮಾನು, ವಿದ್ಯುತ್, ಬಸ್ಸು, ಫೋನು, ಬಟ್ಟೆಬರೆಗೆ ತಿಂಗಳಿಗೆ 7,000 ರೂ. ಎಂದರೆ ವರ್ಷಕ್ಕೆ 84,000 ರೂ. ಜೂನ್ ತಿಂಗಳ ಶಾಲೆ ಮತ್ತು ಬಿತ್ತನೆಯ ಖರ್ಚು 20,000, ಹಬ್ಬಗಳಿಗೆ 8,000, ಮುಯ್ಯಿ ಹಾಗೂ ಶುಭಕಾರ್ಯಗಳಿಗೆ 10,000, ಔಷಧೋಪಚಾರಕ್ಕೆ 8,000. ಒಟ್ಟು 1,30,000 ರೂ. ಇದರ ಎದುರಿಗೆ ಒಂದು ಹಸುವಿನ ಹಾಲಿನಿಂದ ಹಿಂಡಿ, ಮೇವು ಕಳೆದು ತಿಂಗಳಿಗೆ 3,000ದಂತೆ, ಬತ್ತಿದ ಎರಡು ತಿಂಗಳು ಬಿಟ್ಟು, 30,000 ರೂ.; ಮನೆಯೊಡತಿಗೆ 2023ರ ಆಗಸ್ಟಿನಿಂದ ಬರುತ್ತಿರುವ ಗೃಹಲಕ್ಷ್ಮಿಯ ತಿಂಗಳಿಗೆ 2,000ದಂತೆ 24,000 ರೂ.; ಕಿಸಾನ್ ಸಮ್ಮಾನ್ ನಿಧಿಯ ಮೂರು ಕಂತು 6,000 ರೂ. ಒಟ್ಟು 60,000 ರೂ. ಉಳಿದ 70,000 ರೂಪಾಯಿಗಳನ್ನು ತೋಟವೇ ಕೊಡಬೇಕು.

ಬೆಂಬಲ ಬೆಲೆ ದೊರೆತರೂ ತೋಟ ಕೊಡುವುದು 40,500 ರೂ. ಮಾತ್ರ. 29,500 ರೂ. ಕೊರತೆ. 2023ರ ಪೇಟೆ ಧಾರಣೆಯಲ್ಲಿ ಕೊರತೆ 52,000 ರೂ. 2025ರಲ್ಲಿ 50,000 ರೂ. ಮಿಗುತ್ತದೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಬೆಲೆ ಏರಿದ್ದೇ ಕಾಯಿ ಇಲ್ಲದ್ದರಿಂದ ಎಂಬುದನ್ನು ಮರೆಯಬಾರದು. ತೆಂಗಿಗೆ ಬಿದ್ದ ಬರದ ಏಟು ಅದೇ ವರ್ಷ ಮುಗಿಯುವುದಿಲ್ಲ; ಮುಂದಿನ ಎರಡು ಮೂರು ವರ್ಷಗಳ ಗೊನೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 2023ರ ಬರ, ಕಪ್ಪುತಲೆ ಹುಳು, ಸುರುಳಿಯಾಕಾರದ ಬಿಳಿನೊಣಗಳ ಹಾವಳಿ ಸೇರಿ ಅನೇಕ ತೋಟಗಳಲ್ಲಿ ಫಸಲು ಇಳಿಯಿತು. ಮೇಲಿನ ಸಂಸಾರದ ಅಟ್ಟದಲ್ಲಿ 6 ಕ್ವಿಂಟಲಿನ ಬದಲು ಮೂರೂವರೆ ಕ್ವಿಂಟಲ್ ಇದ್ದರೆ, 25,000 ರೂ. ಧಾರಣೆಯಲ್ಲೂ ಬರುವುದು 87,500 ರೂ.; ತೋಟದ ಖರ್ಚು ಕಳೆದರೆ 57,500 ರೂ. ಅಂದರೆ ದಾಖಲೆಯ ಬೆಲೆ ಬಂದ ವರ್ಷದಲ್ಲೂ ಈ ಮನೆಗೆ 12,500 ರೂ. ಕಡಿಮೆ ಬೀಳುತ್ತದೆ. ಪತ್ರಿಕೆಯಲ್ಲಿ ಬಂದ ಧಾರಣೆಯನ್ನು ನೋಡಿ ತೆಂಗಿನವರೆಲ್ಲ ಸಾಹುಕಾರರಾದರೆಂದು ಹೇಳುವವರು ಅಟ್ಟ ಹತ್ತಿ ನೋಡಿದವರಲ್ಲ.

ಮೀನುಗಾರರ ಮನೆಯಿಂದ ಕಲಿಯುವುದು

ಕರಾವಳಿಯ ಸಣ್ಣ ಮೀನುಗಾರರ ಸಂಸಾರ ಇದಕ್ಕೆ ತದ್ವಿರುದ್ಧವಾಗಿ ಕಾಣುತ್ತದೆ. ಅಲ್ಲಿ ಹಣ ದಿನ ದಿನ ಬರುತ್ತದೆ. ದೋಣಿ ದಡ ಸೇರಿ ಮೀನು ಹರಾಜಾದ ಮೇಲೆ ಎಣ್ಣೆ, ಮಂಜುಗಡ್ಡೆಯ ಖರ್ಚು ಕಳೆದು ಉಳಿದದ್ದನ್ನು ದೋಣಿಯ ಒಡೆಯನಿಗೂ ದುಡಿದವರಿಗೂ ಪಾಲು ಮಾಡುತ್ತಾರೆ. ಆದರೆ ಮಳೆಗಾಲದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆ ದಿನಗಳಲ್ಲಿ ಒಲೆ ಉರಿಯುವುದು ಹಿಂದಿನ ತಿಂಗಳುಗಳ ಉಳಿತಾಯದಿಂದ, ಇಲ್ಲವೆ ಮೀನು ಕೊಳ್ಳುವವರ ಮುಂಗಡದಿಂದ. ಮುಂಗಡ ತೆಗೆದುಕೊಂಡ ದೋಣಿ ಹಿಡಿದ ಮೀನನ್ನು ಅವರಿಗೇ ಹಾಕಬೇಕು. ಪಕ್ಕದವರು ಹೆಚ್ಚು ಕೊಡುತ್ತೇನೆಂದರೂ ಕೊಡುವಂತಿಲ್ಲ.

ಈ ತೊಡಕನ್ನು ಸಡಿಲಿಸಲು ಸರ್ಕಾರ ನಡೆಸಿಕೊಂಡು ಬಂದ ಉಳಿತಾಯ ಮತ್ತು ಪರಿಹಾರ ಯೋಜನೆಯ ರೀತಿ ಗಮನಾರ್ಹ. ಮೀನು ಸಿಗುವ ತಿಂಗಳುಗಳಲ್ಲಿ ಮೀನುಗಾರ ಸ್ವಲ್ಪ ಸ್ವಲ್ಪವಾಗಿ 1,500 ರೂ. ಕಟ್ಟುತ್ತಾನೆ, ಸರ್ಕಾರದ 3,000 ರೂ. ಸೇರಿ 4,500 ರೂಪಾಯಿಯನ್ನು ಮೀನಿಲ್ಲದ ಮೂರು ತಿಂಗಳುಗಳಲ್ಲಿ ಹಂಚಿ ಕೊಡಲಾಗುತ್ತದೆ. ಮೊತ್ತ ಚಿಕ್ಕದು. ಆದರೆ ಬರಿಗೈ ತಿಂಗಳು ಯಾವುದೆಂದು ಮೊದಲೇ ಗುರುತಿಸಿ, ಕೈಯಲ್ಲಿ ಹಣವಿದ್ದಾಗ ಆ ತಿಂಗಳ ಹೆಸರಿನಲ್ಲೇ ಎತ್ತಿಡುವ ಕ್ರಮ ಅದರಲ್ಲಿದೆ. ತೆಂಗಿನ ಸೀಮೆಯಲ್ಲಿ ಬರಿಗೈ ತಿಂಗಳು ಸಾಮಾನ್ಯವಾಗಿ ಜೂನ್ ಮತ್ತು ಜುಲೈ. ಅಲ್ಲಿಯದೂ ಅವೇ ತಿಂಗಳುಗಳು. ಹಾಲಿನ ಬಟವಾಡೆಯಿಂದ ತಿಂಗಳಿಗೆ 600 ರೂ.ಗಳನ್ನು ಅಂಚೆ ಕಚೇರಿ ಅಥವಾ ಸಹಕಾರ ಸಂಘದ ಆವರ್ತ ಠೇವಣಿಗೆ ಕಟ್ಟುತ್ತಾ ಬಂದರೆ ವರ್ಷಕ್ಕೆ 7,200 ರೂ. ಆಗುತ್ತದೆ. ಜೂನ್ ತಿಂಗಳ ಖರ್ಚಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಲ್ಲಿಗೇ ನೀಗಿತು.

ಕರಾವಳಿಯಿಂದ ತೆಗೆದುಕೊಳ್ಳಬಹುದಾದ ಇನ್ನೊಂದು ಪಾಠವೂ ಇದೆ. ಮೊಗವೀರರ ಮನೆಗಳಲ್ಲಿ ಮೀನು ಮಾರುವವರು ಹೆಂಗಸರು. ಬುಟ್ಟಿ ಹೊತ್ತು ಮಾರಿ ಬಂದ ಹಣ ಅವರ ಕೈಯಲ್ಲಿರುತ್ತದೆ. ಮನೆಯ ಆಗುಹೋಗು ಅವರಿಗೆ ಬಾಯಿಪಾಠ. ತೆಂಗಿನ ಮನೆಗಳಲ್ಲಿ ಹಾಲಿನ ಲೆಕ್ಕ ಹೆಂಗಸರಿಗೆ ಗೊತ್ತು, ಕೊಬ್ಬರಿಯ ಲೆಕ್ಕ ಗಂಡಸರಿಗೆ ಗೊತ್ತು. ಎರಡೂ ಒಂದೇ ಪುಸ್ತಕದಲ್ಲಿ ಸೇರುವುದು ಅಪರೂಪ. ಕೊಬ್ಬರಿ ಮಾರಿ ಬಂದ ಸಂಜೆ ಮಾರಾಟದ ಪಟ್ಟಿಯನ್ನು ಮನೆಯಲ್ಲಿ ಎಲ್ಲರ ಮುಂದೆ ಓದಿ ಹೇಳುವ ಪದ್ಧತಿ ಇಟ್ಟುಕೊಂಡರೆ ಅರ್ಧ ಹಣಕಾಸು ತಾನಾಗಿ ಸರಿಹೋಗುತ್ತದೆ. ಶಾಲೆಗೆ ಹೋಗುವ ಮಗಳೋ ಮಗನೋ ಅದನ್ನು ಪುಸ್ತಕಕ್ಕೆ ಏರಿಸಬಹುದು.

ಕೈಸಾಲದ ಮೇಲೆ ಕೊಬ್ಬರಿ ಹಿಡಿಯುವುದು

ಈ ಸೀಮೆಯ ರೈತರು ಅತಿ ಹೆಚ್ಚು ನಷ್ಟ ಅನುಭವಿಸುವುದು ಬೆಲೆ ಇಳಿದಾಗ ಅಲ್ಲ. ಬೆಲೆ ಏರಲಿ ಎಂದು ಸಾಲದ ಮೇಲೆ ಕಾಯುವಾಗ. ಇದು ವಿವರವಾಗಿ ನೋಡಬೇಕಾದ ವಿಷಯ.

ಊರ ಕಡೆ ಬಡ್ಡಿಯನ್ನು ಹೇಳುವುದು ತಿಂಗಳ ಲೆಕ್ಕದಲ್ಲಿ. ಎರಡು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಶೇ. 24. ಮೂರು ರೂಪಾಯಿ ಎಂದರೆ ಶೇ. 36. ಕಿವಿಗೆ ಚಿಕ್ಕದಾಗಿ ಕೇಳುವುದರಿಂದಲೇ ಇದು ಅಪಾಯಕಾರಿ. ಜೂನ್ ತಿಂಗಳಲ್ಲಿ 50,000 ರೂ. ಕೈಸಾಲವನ್ನು ಮೂರು ರೂಪಾಯಿ ಬಡ್ಡಿಗೆ ತಂದು, ಅಟ್ಟದಲ್ಲಿರುವ 6 ಕ್ವಿಂಟಲ್ ಕೊಬ್ಬರಿಯನ್ನು ಮಾರದೆ ಹತ್ತು ತಿಂಗಳು ಹಿಡಿದ ರೈತನ ಲೆಕ್ಕ ಹೀಗಿದೆ: ಬಡ್ಡಿ ತಿಂಗಳಿಗೆ 1,500, ಹತ್ತು ತಿಂಗಳಿಗೆ 15,000 ರೂ. ಆರು ಕ್ವಿಂಟಲಿಗೆ ಹಂಚಿದರೆ ಕ್ವಿಂಟಲಿಗೆ 2,500 ರೂ. ಆದುದರಿಂದ ಧಾರಣೆ 2,500 ರೂ. ಏರಿದರೂ ಅವನಿಗೆ ಬಂದ ಲಾಭ ಸೊನ್ನೆ. ಅಷ್ಟರಲ್ಲಿ ಕೊಬ್ಬರಿ ಹಳತಾಗಿ, ಹುಳು ಬಿದ್ದು, ಒಳಗೆ ಬಣ್ಣ ತಿರುಗಿ ಕೆಳದರ್ಜೆಗೆ ಇಳಿದರೆ ಅದೂ ನಷ್ಟವೇ. 2022ರಲ್ಲಿ ಇನ್ನೂ ಏರುತ್ತದೆಂದು ಹಿಡಿದವರು 2023ರ ಧಾರಣೆಯಲ್ಲಿ ಮಾರಬೇಕಾಗಿ ಬಂದಾಗ ಬೆಲೆಯಲ್ಲೂ ಸೋತರು, ಬಡ್ಡಿಯಲ್ಲೂ ಸೋತರು.

ಸಾಲವಿಲ್ಲದವನು ಹಿಡಿಯಬಹುದು. ಅವನಿಗೆ ಕಾಯುವ ಖರ್ಚು ಕಡಿಮೆ. ಸಾಲವಿದ್ದವನು ಮೊದಲು ಬಡ್ಡಿಯ ಸಾಲ ತೀರುವಷ್ಟು ಕೊಬ್ಬರಿಯನ್ನು ಇದ್ದ ಧಾರಣೆಗೆ ಮಾರುವುದೇ ಲೇಸು. ಹಾಗೆಯೇ ಇಡೀ ಅಟ್ಟವನ್ನು ಒಂದೇ ದಿನ ಇಳಿಸುವ ಅಗತ್ಯವೂ ಇಲ್ಲ. ಕಾಯಿ ಎರಡು ತಿಂಗಳಿಗೊಮ್ಮೆ ಅಟ್ಟಕ್ಕೆ ಏರಿದ ಹಾಗೆ, ಹಳೆಯದು ಮೊದಲು ಎಂಬಂತೆ, ಕೊಬ್ಬರಿಯೂ ಎರಡು ಮೂರು ಸರದಿಯಲ್ಲಿ ಇಳಿಯಬಹುದು. ಬೇರೆ ಬೇರೆ ಕೆಡವಿನ ಕಾಯಿಗಳನ್ನು ಬೆರೆಸದೆ, ಅಟ್ಟದಲ್ಲಿ ಪ್ರತ್ಯೇಕ ರಾಶಿ ಹಾಕಿ, ತಿಂಗಳನ್ನು ಸೀಮೆಸುಣ್ಣದಿಂದ ತೊಲೆಯ ಮೇಲೆ ಬರೆದಿಟ್ಟರೆ ಇದು ಸುಲಭ. ಉತ್ತರ ಭಾರತದ ಹಬ್ಬ ಮತ್ತು ಮದುವೆಗಳ ಬೇಡಿಕೆಯೇ ಉಂಡೆ ಕೊಬ್ಬರಿಯ ಬೆಲೆಗೆ ಆಧಾರವಾದ್ದರಿಂದ, ಸರದಿಯಲ್ಲಿ ಮಾರುವವನಿಗೆ ಆ ಬೇಡಿಕೆಯ ಒಂದು ಪಾಲಾದರೂ ಸಿಗುತ್ತದೆ.

ಕೈಸಾಲಕ್ಕಿಂತ ನಾಜೂಕಾದುದು ಮಂಡಿಯ ಮುಂಗಡ. ಬಡ್ಡಿಯ ಮಾತೇ ಇಲ್ಲದೆ, ವಿಶ್ವಾಸದ ಮೇಲೆ ಮದುವೆಗೋ ಕೊಳವೆಬಾವಿಗೋ ಹಣ ಸಿಗುತ್ತದೆ. ಅದಕ್ಕೆ ಕೊಡುವ ಬೆಲೆ ಬೇರೆ ರೂಪದಲ್ಲಿರುತ್ತದೆ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಈಗ ಕೊಬ್ಬರಿಗೆ ವರ್ತಕರು ಕಂಪ್ಯೂಟರ್ ಮೂಲಕ ಟೆಂಡರ್ ಹಾಕುತ್ತಾರೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದೆ ಉಳಿಸಿಕೊಳ್ಳುವ ಹಕ್ಕು ರೈತನಿಗಿದೆ. ಮುಂಗಡ ಪಡೆದವನಿಗೆ ಆ ಹಕ್ಕು ಕಾಗದದಲ್ಲಿ ಮಾತ್ರ. ಇನ್ನೊಂದು ಅಂಗಡಿಗೆ ಮಾಲು ಇಳಿಸುವುದಕ್ಕೂ ಅವನಿಗೆ ಮುಖ ಬರುವುದಿಲ್ಲ. ಮೀನುಗಾರನ ಮುಂಗಡಕ್ಕೂ ಇದಕ್ಕೂ ಏನೂ ಭೇದವಿಲ್ಲ. ಮಂಡಿಯವರೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಬ್ಯಾಂಕು ಬಾಗಿಲು ಹಾಕಿದ ರಾತ್ರಿ ಆಸ್ಪತ್ರೆಗೆ ಹಣ ಕೊಟ್ಟವರು ಅವರೇ ಆಗಿರಬಹುದು. ಆದರೂ ಮುಂಗಡದ ಮೊತ್ತ, ತಾರೀಖು, ತೀರಿಸಿದ ಬಗೆ ಮೂರನ್ನೂ ಬರವಣಿಗೆಯಲ್ಲಿ ಪಡೆಯುವುದು ಇಬ್ಬರಿಗೂ ಕ್ಷೇಮ. ಮಾರುಕಟ್ಟೆಯ ನಿಯಮದಂತೆ ದಲಾಲಿ ಹಣವನ್ನು ಕೊಳ್ಳುವವರಿಂದ ಪಡೆಯಬೇಕೇ ಹೊರತು ರೈತನ ಪಟ್ಟಿಯಲ್ಲಿ ಕಡಿಯುವಂತಿಲ್ಲ ಎಂಬುದನ್ನೂ ತಿಳಿದಿರಬೇಕು. ಪಟ್ಟಿಯಲ್ಲಿ ಅರ್ಥವಾಗದ ಕಡಿತವಿದ್ದರೆ ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಅಂದೇ ವಿಚಾರಿಸುವುದು ಮೇಲು. ಊರಿಗೆ ಬಂದ ಮೇಲೆ ಕೇಳಿದರೆ ಉತ್ತರ ಸಿಗುವುದು ಕಷ್ಟ.

ಯಾವ ಸಾಲ ಯಾವುದಕ್ಕೆ

ಸಹಕಾರ ಸಂಘದ ಬೆಳೆ ಸಾಲ ಎಲ್ಲಕ್ಕಿಂತ ಅಗ್ಗ. ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ರಾಜ್ಯ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಕೈಗೆ ಸಿಗುವುದು ಜಮೀನು ಮತ್ತು ಬೆಳೆಗೆ ತಕ್ಕಷ್ಟೇ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ಒಂದು ದಿನ ತಪ್ಪಿದರೂ ಆ ಸವಲತ್ತು ಕೈಬಿಡುತ್ತದೆ. ಗಡುವಿನ ವಾರದಲ್ಲಿ ಹೊರಗೆ ಬಡ್ಡಿಗೆ ತಂದು ಸಂಘಕ್ಕೆ ಕಟ್ಟಿ, ಹೊಸ ಸಾಲ ಎತ್ತಿ, ಅದರಿಂದ ಬಡ್ಡಿಯವನಿಗೆ ತೀರಿಸುವುದು ಎಲ್ಲ ಊರಲ್ಲೂ ನಡೆಯುತ್ತದೆ. ಹೊಸ ಸಾಲ ಹತ್ತು ದಿನ ತಡವಾದರೆ ಅಗ್ಗದ ಸಾಲವೂ ತುಟ್ಟಿಯಾಗುತ್ತದೆ. ಗಡುವಿಗೆ ಎರಡು ತಿಂಗಳು ಮುಂಚೆ ಕೊಬ್ಬರಿಯ ಒಂದು ಸರದಿಯನ್ನು ಮಾರಿ ಆ ಹಣವನ್ನು ಬೇರೆಯಾಗಿ ಎತ್ತಿಡುವುದು ಇದಕ್ಕೆ ನೇರವಾದ ಪರಿಹಾರ.

ಮಾಲು ಕೈಯಲ್ಲಿದ್ದು ಹಣ ಮಾತ್ರ ಬೇಕಾದವರಿಗೆ ಮಾರುಕಟ್ಟೆ ಸಮಿತಿಯ ಅಡಮಾನ ಸಾಲ ಮತ್ತು ನೋಂದಾಯಿತ ಉಗ್ರಾಣದ ರಸೀತಿಯ ಮೇಲೆ ಬ್ಯಾಂಕು ಕೊಡುವ ಸಾಲ ಎಂಬ ಎರಡು ದಾರಿಗಳಿವೆ. ಕೊಬ್ಬರಿಗೆ ಸದ್ಯ ಎಷ್ಟು ದೊರೆಯುತ್ತದೆ, ಎಷ್ಟು ದಿನಕ್ಕೆ ಎಂಬುದನ್ನು ಮಾಲು ಸಾಗಿಸುವ ಮುಂಚೆ ಕೇಳಿ ತಿಳಿಯಬೇಕು. ಒಡವೆ ಗಿರವಿ ಇಟ್ಟರೆ ಬ್ಯಾಂಕಿನಲ್ಲಿ ಬಡ್ಡಿ ಕೈಸಾಲದ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಗಡುವು ಮರೆತರೆ ಹರಾಜಿಗೆ ಹೋಗುವುದು ಮನೆಯಾಕೆಯ ಕೊರಳಿನದು ಎಂಬ ನೆನಪಿರಲಿ.

ವಾರದ ಕಂತಿನ ಸಣ್ಣ ಹಣಕಾಸು ಸಂಸ್ಥೆಗಳ ಸಾಲದ ಬಗ್ಗೆ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ವಾರಕ್ಕೆ ಕಂತು ಕಟ್ಟಬೇಕಾದರೆ ವಾರಕ್ಕೆ ಆದಾಯ ಬೇಕು. ದಿನ ದಿನ ದುಡ್ಡು ನೋಡುವ ಮೀನು ಮಾರುವವಳಿಗೆ, ಹೂವಾಡಿಗಿತ್ತಿಗೆ ಅದು ಹೊಂದಬಹುದು. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಹಣ ಕಾಣುವ ಕೊಬ್ಬರಿಗೆ ವಾರದ ಕಂತು ಹೊಂದುವುದಿಲ್ಲ. ಹಾಲಿನ ಬಟವಾಡೆಯಿಂದ ಕಂತು ನಿಭಾಯಿಸಬಹುದೆಂದು ಹೇಳುವವರಿದ್ದಾರೆ. ಹಸು ಬತ್ತಿದ ಎರಡು ತಿಂಗಳು ಏನು ಮಾಡಬೇಕೆಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ಆಗ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಹುಟ್ಟುತ್ತದೆ. ವಸೂಲಿಯ ಕಿರುಕುಳ ಹೆಚ್ಚಾದ ಕಾರಣ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿ ನಡೆದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಸ್ತ್ರೀಶಕ್ತಿ ಗುಂಪಿನ ಒಳಸಾಲ ಇದಕ್ಕಿಂತ ಎಷ್ಟೋ ವಾಸಿ. ಅಲ್ಲಿ ಬಡ್ಡಿ ಗುಂಪಿಗೇ ಉಳಿಯುತ್ತದೆ, ಕಂತು ಮುಂದೂಡುವ ಮಾತನ್ನು ಅಕ್ಕಪಕ್ಕದವರೊಂದಿಗೆ ಆಡಬಹುದು.

ಚೀಟಿಯ ವಿಷಯ ಚುಟುಕಾಗಿ ಹೇಳಿದರೆ ಸಾಕು. ನೋಂದಣಿಯಾಗದ ಚೀಟಿಯಲ್ಲಿ ಕಳೆದುಕೊಂಡ ಹಣಕ್ಕೆ ಕೇಳುವವರಿಲ್ಲ.

ಕೊರತೆ ತುಂಬುವ ದಾರಿಗಳು

ಮೇಲೆ ಕಂಡ 29,500 ರೂಪಾಯಿಯ ಕೊರತೆ ಉಳಿತಾಯದಿಂದ ಮಾತ್ರ ತುಂಬುವಂಥದಲ್ಲ. ಸಣ್ಣ ಸಂಸಾರಕ್ಕೆ ಹೊಟ್ಟೆ ಕಟ್ಟಿ ಉಳಿಸು ಎಂದು ಬೋಧಿಸುವುದು ಸುಲಭ, ಪ್ರಯೋಜನ ಕಡಿಮೆ. ತೋಟದ ಹಣ ಬೇಗ ಬರುವಂತೆ ಮಾಡುವುದು ಹೆಚ್ಚು ಫಲಕಾರಿ.

ಅದರಲ್ಲಿ ಮೊದಲನೆಯದು ಎಳನೀರು. ಎಳನೀರನ್ನು ಕೆಡವುವುದು ಆರೇಳು ತಿಂಗಳ ಕಾಯಿಯಲ್ಲಿ. ಹಣ ಅಂದೇ ಕೈಗೆ. ಅದೇ ಕಾಯಿ ಬಲಿತು, ಅಟ್ಟ ಸೇರಿ, ಕೊಬ್ಬರಿಯಾಗಿ ಹಣ ತರಲು ಇನ್ನೂ ಹದಿನೈದು ತಿಂಗಳು ಬೇಕು. ಎಳನೀರು ಕೊಟ್ಟರೆ ಅಟ್ಟ ಬರಿದಾಗುತ್ತದೆಂಬ ಅಳುಕು ಹಿರಿಯರಲ್ಲಿದೆ. ತೋಟವನ್ನೆಲ್ಲ ಎಳನೀರಿಗೆ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. 80 ಮರಗಳಲ್ಲಿ 15 ಮರಗಳನ್ನು ಎಳನೀರಿಗೆ ಮೀಸಲಿಟ್ಟರೆ 1,050 ಕಾಯಿ ಆಯಿತು. ಕಾಯಿಗೆ ತೋಟದಲ್ಲೇ 20 ರೂ. ದೊರೆತರೂ 21,000 ರೂ.; ಕೆಡವುವ ಕೂಲಿ ಕೊಳ್ಳುವವರದೇ. ಅದೇ 1,050 ಕಾಯಿ ಕೊಬ್ಬರಿಯಾದರೆ 131 ಕಿಲೋ; 11,750 ರೂ. ಧಾರಣೆಯಲ್ಲಿ ಸುಮಾರು 15,400 ರೂ., ಅದೂ ಹದಿನೈದು ತಿಂಗಳ ನಂತರ. ಕೊಬ್ಬರಿ 25,000 ರೂ. ಇದ್ದ ವರ್ಷ ಲೆಕ್ಕ ತಲೆಕೆಳಗಾಗಿ ಕೊಬ್ಬರಿಯೇ ಮುಂದಾಗುತ್ತದೆ, ನಿಜ. ಆದರೆ ಮನೆಯ ಆಯವ್ಯಯವನ್ನು ಅಂಥ ವರ್ಷದ ಮೇಲೆ ಕಟ್ಟಲಾಗದು. ಬೆಂಬಲ ಬೆಲೆಯನ್ನೋ ಅದಕ್ಕಿಂತ ಕಡಿಮೆಯನ್ನೋ ಇಟ್ಟುಕೊಂಡೇ ಕಟ್ಟಬೇಕು. ಹೆಚ್ಚು ಬಂದ ವರ್ಷದ ಮಿಗುತಾಯ ಮೊದಲು ಹಳೆಯ ಬಡ್ಡಿ ಸಾಲಕ್ಕೆ, ಆಮೇಲೆ ಠೇವಣಿಗೆ. ಹೊಸ ಬೈಕು ಅದರ ಹಿಂದೆ ಬರಲಿ.

ಮಟ್ಟೆಯನ್ನು ನಾರಿನ ಕಾರ್ಖಾನೆಗೆ, ಚಿಪ್ಪನ್ನು ಇದ್ದಿಲಿನವರಿಗೆ ಕೊಟ್ಟರೆ ಬರುವ ಹಣ ಸಣ್ಣದಾದರೂ ಸುಲಿತದ ಕೂಲಿಯ ಒಂದು ಪಾಲು ಅದರಲ್ಲಿ ಹುಟ್ಟುತ್ತದೆ. ಅನೇಕ ಮನೆಗಳಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಸುಲಿದ ದಿನವೇ ಚಿಲ್ಲರೆಯಾಗಿ ಕರಗಿಹೋಗುತ್ತದೆ. ಮರಗಳ ನಡುವೆ ಅಲಸಂದೆ, ಹೆಸರು, ಮೇವಿನ ಬೆಳೆ ಹಾಕಿದರೆ ಹಿಂಡಿ ಮೇವಿನ ಖರ್ಚು ಇಳಿದು ಹಾಲಿನ ಹಣ ಏರುತ್ತದೆ. ನೀರಿರುವಲ್ಲಿ ಬಾಳೆ, ಕಾಳುಮೆಣಸು ಆಗುತ್ತದೆ. ಹೊಸ ಕೊಳವೆಬಾವಿಯನ್ನು ಮಾತ್ರ ಕೈಸಾಲದಲ್ಲಿ ಕೊರೆಸಬಾರದು. ನೀರು ಬೀಳದಿದ್ದರೆ ಅಟ್ಟದ ಎರಡು ವರ್ಷದ ಕೊಬ್ಬರಿ ಒಂದು ರಾತ್ರಿಯಲ್ಲಿ ಕರಗುತ್ತದೆ.

ಬೆಂಬಲ ಬೆಲೆಯ ಖರೀದಿಗೆ ಮುನ್ನ

ಬೆಂಬಲ ಬೆಲೆ 2024ರ ಹಂಗಾಮಿಗೆ 12,000 ರೂ., 2025ಕ್ಕೆ 12,100 ರೂ., 2026ಕ್ಕೆ 12,500 ರೂ. ಎಂದು ಪ್ರಕಟವಾಯಿತು. 2024ರಲ್ಲಿ ರಾಜ್ಯ ಸರ್ಕಾರ ಅದರ ಮೇಲೆ ಕ್ವಿಂಟಲಿಗೆ 1,500 ರೂ. ಪ್ರೋತ್ಸಾಹಧನವನ್ನೂ ಸೇರಿಸಿತು. ಪೇಟೆ ಧಾರಣೆ ಮೇಲಿದ್ದಾಗ ಈ ಖರೀದಿಯ ಅಗತ್ಯ ಬೀಳುವುದಿಲ್ಲ. ಧಾರಣೆ ಕುಸಿದ ವರ್ಷ ಮಾತ್ರ ಎಲ್ಲರೂ ಒಮ್ಮೆಗೇ ಧಾವಿಸುತ್ತಾರೆ. 2024ರ ಆರಂಭದಲ್ಲಿ ನೋಂದಣಿ ಕೇಂದ್ರಗಳ ಮುಂದೆ ರೈತರು ರಾತ್ರಿಯಿಂದಲೇ ಸಾಲು ನಿಂತದ್ದನ್ನು ಮೂರೂ ತಾಲ್ಲೂಕಿನವರು ಬಲ್ಲರು. ಖರೀದಿಯ ಒಟ್ಟು ಪ್ರಮಾಣಕ್ಕೆ ಮಿತಿ ಇರುತ್ತದೆ. ಎಕರೆಗಿಷ್ಟು, ಒಬ್ಬ ರೈತನಿಗಿಷ್ಟು ಎಂಬ ಮಿತಿಯೂ ಇರುತ್ತದೆ. ಕಾಗದಪತ್ರ ಸರಿಯಿಲ್ಲದವರು ಸಾಲಿನ ಕೊನೆಯವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ.

ಆದಕಾರಣ ಧಾರಣೆ ಚೆನ್ನಾಗಿರುವಾಗಲೇ ಮೂರು ಕೆಲಸ ಮುಗಿಸಿರಬೇಕು. ಪಹಣಿಯಲ್ಲಿ ಮತ್ತು ಬೆಳೆ ಸಮೀಕ್ಷೆಯಲ್ಲಿ ತೆಂಗು ಎಂದೇ ದಾಖಲಾಗಿದೆಯೇ, ವಿಸ್ತೀರ್ಣ ಸರಿಯಾಗಿದೆಯೇ ನೋಡಿಕೊಳ್ಳುವುದು. ರೈತರ ಫ್ರೂಟ್ಸ್ ನೋಂದಣಿ ಸಂಖ್ಯೆಯಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಪರಿಶೀಲಿಸುವುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಚಾಲ್ತಿಯಲ್ಲಿದೆಯೇ ಕೇಳುವುದು. ತಂದೆಯ ಹೆಸರಿನಲ್ಲೇ ಪಹಣಿ ಉಳಿದಿರುವ ಮನೆಗಳಲ್ಲಿ ಪೌತಿ ಖಾತೆ ಮಾಡಿಸಲು ತಿಂಗಳುಗಳೇ ಹಿಡಿಯುವುದರಿಂದ ಅದನ್ನು ಈಗಲೇ ಆರಂಭಿಸಬೇಕು. ಮಾಲು ಕೊಟ್ಟ ದಿನವೇ ಹಣ ಬರುವುದಿಲ್ಲ, ಕೆಲವು ವಾರಗಳು ಕಾಯಬೇಕಾಗಬಹುದು. ಆ ವಾರಗಳ ಮನೆ ಖರ್ಚಿಗೆ ಬೇರೆ ಏರ್ಪಾಡು ಮಾಡಿಕೊಂಡೇ ಮೂಟೆ ಕಟ್ಟಬೇಕು. ಕೊಬ್ಬರಿ ಚೆನ್ನಾಗಿ ಒಣಗಿ, ಒಡಕು ಮತ್ತು ಹುಳುಕು ಬೇರ್ಪಡಿಸಿದ್ದರೆ ಮಾತ್ರ ಖರೀದಿ ಕೇಂದ್ರದಲ್ಲಿ ತೆಗೆದುಕೊಳ್ಳುತ್ತಾರೆ. ದರ್ಜೆ ವಿಂಗಡಣೆ, ಅಟ್ಟದ ಸಂಗ್ರಹಣೆ ಹಾಗೂ ಅಂತರ ಬೆಳೆಗಳ ಬಗ್ಗೆ ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ಹಿಂದಿನ ಮೂರು ವರ್ಷಗಳ ಮಾರಾಟದ ಪಟ್ಟಿಗಳನ್ನು ಜೊತೆಗೆ ಒಯ್ದರೆ, ಮೇಲೆ ತೋರಿಸಿದ ಲೆಕ್ಕವನ್ನು ಸ್ವಂತ ತೋಟದ ಅಂಕಿಗಳಿಂದಲೇ ಅಲ್ಲಿ ಕೂತು ಹಾಕಿಸಿಕೊಳ್ಳಬಹುದು.